ಮಳೆಯ ಅಳತೆ

ಕಪ್ಪತಗುಡ್ಡದ ಬುಡದ ಊರೊಂದರಲ್ಲಿ ವಿಠೋಬ ಪಿಸೆ ಎಂಬ ದರ್ಜಿ ಇದ್ದ. ಅವನು ಹೊಲಿದ ಬಟ್ಟೆ ಎಂದೂ ದುರಸ್ತಿ ಕಂಡದ್ದೇ ಇಲ್ಲ ಎಂದು ಊರು ಹೇಳುತ್ತಿತ್ತು. ಅದು ನಿಜವೂ ಆಗಿತ್ತು. ಅಂಗಿ ಬಿಗಿಯಾಯಿತೆಂದು ಯಾರಾದರೂ ತಂದರೆ ಅವನು ಕನ್ನಡಕದ ಮೇಲಿನಿಂದ ನೋಡಿ, "ಅಂಗಿ ಬರೋಬ್ಬರಿ ಐತಿ. ನೀವು ದಪ್ಪ ಆಗೀರಿ" ಎನ್ನುತ್ತಿದ್ದ. ಜನ ಮನೆಗೆ ಹೋಗಿ ರೊಟ್ಟಿ ಕಡಿಮೆ ಮಾಡುತ್ತಿದ್ದರು.

ಅವನಿಗೆ ಇನ್ನೊಂದು ಖ್ಯಾತಿಯೂ ಇತ್ತು. ಬೇರೆ ದರ್ಜಿಗಳು ಒಂದು ಅಂಗಿಗೆ ಸಾಲದು ಎನ್ನುವ ಬಟ್ಟೆಯಲ್ಲಿ ಅವನು ಅಂಗಿಯನ್ನೂ ಕತ್ತರಿಸಿ, ಮಿಕ್ಕದ್ದರಲ್ಲಿ ಗಿರಾಕಿಯ ಮಗನಿಗೊಂದು ಚಡ್ಡಿಯನ್ನೂ ಎಬ್ಬಿಸುತ್ತಿದ್ದ. ಆ ಅಂಗಿ ತೊಟ್ಟವರು ಕೈಯನ್ನು ಪೂರ್ತಿ ಮೇಲೆತ್ತುತ್ತಿರಲಿಲ್ಲ, ಅಷ್ಟೆ. ಅದನ್ನು ಊರು ಅವರ ಸೌಮ್ಯ ಸ್ವಭಾವ ಎಂದು ತಿಳಿದಿತ್ತು.

ವಿಠೋಬನ ಮಗಳು ಮುಕ್ತಾ ಗದಗಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಆ ವರ್ಷ ಅವಳ ಮೇಡಂ ಮಳೆಗಾಲದಲ್ಲಿ ಗುಡ್ಡದ ಮೇಲೆ ಯಾವ ಯಾವ ಗಿಡ ಚಿಗುರುತ್ತವೆ ಎಂದು ನೋಡಲು ಒಂದು ತಂಡ ಕಟ್ಟುತ್ತಿದ್ದರು. ತಂಡಕ್ಕೆ ಆಯ್ಕೆಯಾದವರನ್ನು ಮುಂದಿನ ಓದಿಗೆ ತಮ್ಮ ಕೈಕೆಳಗೆ ಸೇರಿಸಿಕೊಳ್ಳುವುದಾಗಿ ಹೇಳಿದ್ದರು. ಆಯ್ಕೆಯಾಗದಿದ್ದರೆ ಮುಕ್ತಾಳಿಗೆ ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ ಇದ್ದೇ ಇತ್ತು. ಅವಳಿಗೆ ಗುಂಡಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಚಿಕ್ಕಂದಿನಿಂದ ಕಿಟಕಿಯಲ್ಲಿ ನೋಡಿದ ಗುಡ್ಡದ ಮೇಲೆ ಏನೇನಿದೆ ಎಂಬ ಕುತೂಹಲ ಅವಳನ್ನು ಬಿಟ್ಟಿರಲಿಲ್ಲ.

"ಗುಡ್ಡದ ಮ್ಯಾಲ ಎಲ್ಲಿ ಮಲಗ್ತೀರಿ?" ಎಂದು ವಿಠೋಬ ಕೇಳಿದ.

"ಜೋಲಿಯಾಗಪ್ಪಾ. ನೆಲದ ತುಂಬ ಕಲ್ಲು, ಕಲ್ಲಿನ ಬುಡಕ ಚೇಳು. ಅದಕ್ಕ ಎರಡು ಗಿಡದ ನಡುವ ಬಟ್ಟಿ ಜೋಲಿ ಕಟ್ಟಿ ಮಲಗೂದು."

"ಜೋಲಿಯಾಗ ಮಲಗೂದು ನೀ ಹಲ್ಲು ಬಂದ ವರ್ಷನ ಬಿಟ್ಟಿದ್ದೆಲ್ಲವಾ. ಕಾಲೇಜ್‌ನ್ಯಾಗ ಮತ್ತ ರೂಢಿ ಮಾಡಸ್ತಾರೇನು?"

"ಜೋಲಿ ಕಾಲೇಜಿನವರ ಕೊಡ್ತಾರ. ಮ್ಯಾಲ ಮಳಿಗೆ ಕಟ್ಟೂ ತಾಡಪತ್ರಿ ಮಾತ್ರ ನಮ್ಮ ನಮ್ಮದು. ಬೆನ್ನಿನ ಮ್ಯಾಲ ಹೊತ್ತು ಗುಡ್ಡ ಹತ್ತಬೇಕು, ಅದಕ್ಕ ಹಗುರ ಇರಬೇಕು. ಸೋವಿನೂ ಇರಬೇಕು."

ಹೀಗೆ ತಾಡಪತ್ರಿಯ ಹುಡುಕಾಟ ಶುರುವಾಯಿತು. ಮೊದಲು ಮುಕ್ತಾ ಮೊಬೈಲಿನಲ್ಲಿ ನೋಡಿದಳು. ಹಗುರವಾದದ್ದು ತುಟ್ಟಿ, ಸೋವಿಯಾದದ್ದು ಭಾರ. ಹಗುರವೂ ಸೋವಿಯೂ ಆದದ್ದು ಒಂದಿತ್ತು, ಚಿತ್ರದಲ್ಲಿ ಬಹಳ ಚೆನ್ನಾಗಿಯೂ ಇತ್ತು. ಕೆಳಗೆ ಕೊಂಡವರು ಬರೆದ ಮಾತುಗಳನ್ನು ಓದಿದರೆ ಮಾತ್ರ ಅವರೆಲ್ಲ ಒದ್ದೆ ಬಟ್ಟೆಯಲ್ಲೇ ಕೂತು ಬರೆದಂತೆ ಕಾಣುತ್ತಿತ್ತು.

ಮಾತು ಅಂಗಡಿಯ ಕಟ್ಟೆಗೆ ಇಳಿಯಿತು. ಟಂಟಂ ರಿಕ್ಷಾ ಓಡಿಸುವ ಹುಲಗಪ್ಪ ದಿನಾ ಅಲ್ಲಿ ಚಹಾ ಕುಡಿಯುತ್ತಿದ್ದ. ಊರಿನ ಸುದ್ದಿಯನ್ನು ಪಕ್ಕದೂರಿಗೂ ಪಕ್ಕದೂರಿನದನ್ನು ಈ ಊರಿಗೂ ಬಾಡಿಗೆಯಿಲ್ಲದೆ ಸಾಗಿಸುವ ಸೇವೆ ಅವನದು.

"ತಾಡಪತ್ರಿ ಯಾಕ ಕೊಳ್ತೀರಿ ಪಿಸೆಯವರ? ಪುಢಾರಿಗಳ ಹುಟ್ಟಿದ ಹಬ್ಬದ ಫ್ಲೆಕ್ಸ್ ತರಸ್ತೀನಿ ತಡೀರಿ. ಬಸ್ ಸ್ಟ್ಯಾಂಡಿನ್ಯಾಗ ಬೇಕಾದಷ್ಟು ಬಿದ್ದಾವ. ಒಂದು ಹನಿ ನೀರು ಇಳಿಯಂಗಿಲ್ಲ."

"ಭಾರ ಆಗ್ತೈತಿ ಕಾಕಾ" ಎಂದಳು ಮುಕ್ತಾ. "ಅಲ್ಲದ ಮಲಗಿದಾಗ ಮ್ಯಾಲಿಂದ ಯಾರೋ ಕೈ ಮುಗದು ನಗತಿರ್ತಾರ. ನಿದ್ದಿ ಹೆಂಗ ಬರಬೇಕು?"

"ಅವರು ಗೆದ್ದ ಮ್ಯಾಲ ಊರಾಗ ಕಾಣಂಗಿಲ್ಲ. ಹಿಂಗರ ಕಾಣಲಿ ಬಿಡು" ಎಂದ ಹುಲಗಪ್ಪ.

ಉಳ್ಳಾಗಡ್ಡಿ ರಾಶಿಗೆ ಹೊದಿಸುವ ನೀಲಿ ತಾಡಪತ್ರಿಯ ಮಾತೂ ಬಂತು. ಅದು ಗಟ್ಟಿ, ಅದು ಸೋವಿ, ಅದು ಎಲ್ಲರ ಹೊಲದಲ್ಲೂ ಇರುತ್ತದೆ. ಹೊತ್ತು ಗುಡ್ಡ ಹತ್ತಬೇಕಾದವರಿಗೆ ಮಾತ್ರ ಅದು ಉಳ್ಳಾಗಡ್ಡಿ ಸಮೇತ ಹೊತ್ತಂತೆ ಎಂದು ಮುಕ್ತಾ ಹೇಳಿದಳು. ಅಷ್ಟು ಹೊತ್ತು ಸುಮ್ಮನೆ ಕತ್ತರಿ ಆಡಿಸುತ್ತಿದ್ದ ವಿಠೋಬನಿಗೆ ತಡೆಯಲಾಗಲಿಲ್ಲ.

"ಸಿಂಪಿಗರ ಮನಿಯಾಗ ಹುಟ್ಟಿ ಬಟ್ಟಿ ಹುಡಿಕ್ಕೊಂಡು ಊರು ತಿರಗತೀಯಲ್ಲವಾ! ನಾ ಹೊಲೀತೀನಿ. ಇವರೆಲ್ಲಾರದಕ್ಕಿಂತ ಹಗುರ, ಎಲ್ಲಾರದಕ್ಕಿಂತ ಸೋವಿ."

ಅವನು ಹುಬ್ಬಳ್ಳಿಗೆ ಹೋಗಿ ರೇನ್‌ಕೋಟಿಗೆ ಬಳಸುವ ಪ್ಯಾರಾಚೂಟ್ ಬಟ್ಟೆ ತಂದ. ತೆಳ್ಳಗೆ, ಜಾರುವಂಥದ್ದು, ಒಳಗಡೆ ನೀರು ತಡೆಯುವ ಲೇಪ. ಬಟ್ಟೆಯ ಆಯ್ಕೆಯಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ಎಷ್ಟೋ ತಪ್ಪುಗಳು ಇಂಥ ಸರಿಯಾದ ಆಯ್ಕೆಯ ಬೆನ್ನಿಗೇ ಹೊರಡುತ್ತವೆ.

ವಿಠೋಬ ಮಗಳನ್ನು ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ಟೇಪು ಹಿಡಿದ. ನೆತ್ತಿಯಿಂದ ಹಿಮ್ಮಡಿಗೆ, ಈ ಭುಜದಿಂದ ಆ ಭುಜಕ್ಕೆ. ಒಳಗಿನಿಂದ ಬಂದ ಹೆಂಡತಿ ರುಕ್ಮಾಬಾಯಿ ಬಾಗಿಲಲ್ಲೇ ನಿಂತಳು.

"ಅಯ್ಯ, ಅಗದಿ ಸತ್ತವರ ಅಳತಿ ತಗೊಂಡಂಗ ತಗೋತೀರಲ್ಲರೀ! ಏಳಸ್ರಿ ಅಕಿನ್ನ."

"ಮಲಗಾಕ ಹೊಲಿಯೂದು. ಮಲಗಿಸೇ ಅಳೀಬೇಕು" ಎಂದ ವಿಠೋಬ. ಶಾಸ್ತ್ರ ಬಲ್ಲವರ ದನಿ ಅದು.

ಮೇಜಿನ ಮೇಲಿನಿಂದ ಮುಕ್ತಾ ಕೇಳಿದಳು: "ಅಪ್ಪಾ, ಜೋಲಿ ಅಳೀಬೇಕಲ್ಲ? ಅದು ಈ ಗಿಡದಿಂದ ಆ ಗಿಡದ ತನಕ ಇರ್ತೈತಿ."

"ಜೋಲಿ ನೆನದರ ಏನಾತು? ಮಲಗಾಕಿ ನೆನೀಬಾರದು. ಅಂಗಿ ಹೊಲಿಯೂ ಮುಂದ ಯಾರರ ಹ್ಯಾಂಗರಿನ ಅಳತಿ ತಗೋತಾರೇನು?"

ಇದಕ್ಕೆ ಉತ್ತರ ಇತ್ತು. ಆದರೆ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ಅದರ ಮುಂದೆ ಉತ್ತರ ಹೊಳೆಯಲಿಲ್ಲ.

ತಾಡಪತ್ರಿ ಸಿದ್ಧವಾಯಿತು. ಅಂಚು ಮಡಚಿ ಹೊಲಿದ ಹೊಲಿಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ಮೂಲೆಗಳಲ್ಲಿ ಹಗ್ಗ ಕಟ್ಟಲು ಕುಣಿಕೆಗಳು ಬ್ಲೌಸಿನ ಹುಕ್ಕುಗಳಷ್ಟು ನಾಜೂಕಾಗಿದ್ದವು. ಮಡಿಚಿದರೆ ಕೈಚೀಲದ ಮೂಲೆಯಲ್ಲಿ ಕೂರುತ್ತಿತ್ತು. ಮಿಕ್ಕ ಬಟ್ಟೆಯಲ್ಲಿ ವಿಠೋಬ ಹೊಲಿಗೆ ಯಂತ್ರಕ್ಕೊಂದು ಹೊದಿಕೆ, ಹುಲಗಪ್ಪನ ಟಂಟಂ ಸೀಟಿಗೊಂದು ಕವರು ಹೊಲಿದ. ಮಿಕ್ಕದ್ದು ಅಷ್ಟಿತ್ತು ಎಂಬುದರಿಂದಲೇ ಯಾರಿಗಾದರೂ ಅನುಮಾನ ಬರಬೇಕಿತ್ತು. ಬಂದದ್ದು ಮೆಚ್ಚುಗೆ.

ತೂಕ ನೋಡಲು ಅದನ್ನು ಪಕ್ಕದ ಬಂಗಾರದಂಗಡಿಗೆ ಒಯ್ದರು. ಪತ್ತಾರ ತಕ್ಕಡಿಯಲ್ಲಿಟ್ಟು ನೋಡಿ, "ಇದು ಬಂಗಾರ ಆಗಿದ್ರ ಹುಡುಗಿ ಲಗ್ನಕ್ಕೂ ಸಾಲತಿರಲಿಲ್ಲ, ಅಷ್ಟು ಹಗುರ ಐತಿ" ಎಂದ. ವಿಠೋಬ ಅದನ್ನು ಹೊಗಳಿಕೆ ಎಂದು ತೆಗೆದುಕೊಂಡ.

ಕೊನೆಗೆ ನೀರಿನ ಪರೀಕ್ಷೆ. ಅಂಗಡಿಯ ಮುಂದೆ ಲೈಟಿನ ಕಂಬಕ್ಕೂ ಬೇವಿನ ಮರಕ್ಕೂ ತಾಡಪತ್ರಿ ಕಟ್ಟಿದರು. ಕೆಳಗೆ ಸ್ಟೂಲಿನ ಮೇಲೆ ವಿಠೋಬ ಪೇಪರು ಬಿಡಿಸಿಕೊಂಡು ಕೂತ. ರುಕ್ಮಾಬಾಯಿ ಕಟ್ಟೆ ಹತ್ತಿ ಮೇಲಿನಿಂದ ಕೊಡ ಬಗ್ಗಿಸಿದಳು. ಗಂಡನ ತಲೆಯ ಮೇಲೆ ಎಲ್ಲರೆದುರು ನೀರು ಸುರಿಯುವ ಅವಕಾಶ ದಿನಾ ಸಿಗುವುದಿಲ್ಲ. ಅವಳು ಎರಡನೆಯ ಕೊಡವನ್ನೂ ತರಿಸಿಕೊಂಡಳು. ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕೊಡದ ನೀರು ಸುರಿದವರು ಹೇಳಿದ ಕಡೆಗೇ ಬೀಳುತ್ತದೆ, ಮಳೆ ಹಾಗೆ ಬೀಳುವುದಿಲ್ಲ ಎಂಬುದು ಆ ಸಂಭ್ರಮದಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಗುಡ್ಡಕ್ಕೆ ಹೋಗುವ ಮೊದಲು ಮೇಡಂ ಒಂದು ದಿನದ ಪರೀಕ್ಷೆ ಇಟ್ಟಿದ್ದರು. ಗುಡ್ಡದ ತಪ್ಪಲಿನ ಬೇವಿನ ತೋಪಿಗೆ ಹುಡುಗರನ್ನು ಒಯ್ಯಲು ಬಂದದ್ದು ಹುಲಗಪ್ಪನ ಟಂಟಂ. ಮಗಳಿಗೆ ರೊಟ್ಟಿಯ ಗಂಟು ಕೊಟ್ಟು ಬರುತ್ತೇನೆಂದು ವಿಠೋಬನೂ ಹತ್ತಿ ಕೂತ. ರೊಟ್ಟಿಯನ್ನು ಮುಕ್ತಾ ತಾನೇ ಒಯ್ಯಬಹುದಿತ್ತು. ತಾನು ಹೊಲಿದದ್ದರ ಕೆಳಗೆ ಮಗಳು ತೂಗುವುದನ್ನು ನೋಡುವ ಆಸೆಯನ್ನು ಮಾತ್ರ ಗಂಟು ಕಟ್ಟಿ ಕಳಿಸಲು ಬರುತ್ತಿರಲಿಲ್ಲ.

ಮೇಡಂ ಹೆಸರು ಸರ್ವಮಂಗಳಾ. ಸೀರೆಯ ಜೊತೆಗೆ ಬೂಟು ಹಾಕಿಕೊಂಡಿದ್ದರು. ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಹೇಳಿದರು:

"ಜೋಲಿ ಕಟ್ಟ್ರಿ, ಮ್ಯಾಲ ತಾಡಪತ್ರಿ ಕಟ್ಟ್ರಿ, ಒಳಗ ಹಾಸಿಗಿ ಇಡ್ರಿ. ನಾವು ಅರ್ಧಾ ಗುಡ್ಡ ಹತ್ತಿ ಬರೋಣು. ಮಧ್ಯಾಹ್ನಕ್ಕ ಮಳಿ ಬರೂದು ಇಲ್ಲಿ ದಿನದ ಮಾತು. ತಿರುಗಿ ಬಂದ ಮ್ಯಾಲ ಒಬ್ಬೊಬ್ಬರ ಹಾಸಿಗಿಗೆ ಕೈ ಹಾಕಿ ನೋಡ್ತೀನಿ. ಸಾಮಾನು ಕೆಟ್ಟದ್ದಿದ್ರ ಬದಲಿ ಮಾಡಬಹುದು. ಕಟ್ಟಾಕ ಬರದವರನ್ನ ಮಾತ್ರ ಈ ವರ್ಷ ಒಯ್ಯಂಗಿಲ್ಲ. ಅಲ್ಲಿ ನೆನದ್ರ ಜ್ವರ ಬರೂದು ನಿಮಗ, ಹೊತ್ತು ಇಳಸೂದು ನಾವು."

ಮುಕ್ತಾ ಕಟ್ಟಿದಳು. ವಿಠೋಬ ದೂರದಿಂದ ನೋಡಿದ. ಹಗ್ಗ ಎಳೆದ ರೀತಿ, ಗಂಟು ಕೂತ ರೀತಿ ನೋಡಿ, ದಾರ ಹಿಡಿಯುವ ಕೈಯ ವಂಶ ಎಲ್ಲಿ ಹೋಗುತ್ತದೆ ಎಂದುಕೊಂಡ. ಎಲ್ಲರೂ ಗುಡ್ಡ ಹತ್ತಿದರು. ಹುಲಗಪ್ಪ ಟಂಟಂ ಒಳಗೆ ಮುದುಡಿ ಮಲಗಿದ. ವಿಠೋಬ ಒಬ್ಬನೇ ಉಳಿದ. ಅವನೂ ಅವನ ಕುತೂಹಲವೂ.

ಮರದಿಂದ ಮರಕ್ಕೆ ತೂಗುತ್ತ ಮಲಗಿದರೆ ಹೇಗಿರುತ್ತದೆ? ಆಚೀಚೆ ನೋಡಿದ, ಚಪ್ಪಲಿ ಬಿಟ್ಟ, ಮಗಳ ಜೋಲಿಯಲ್ಲಿ ಒಂದು ಕಾಲಿಟ್ಟ. ಜೋಲಿ ಅವನನ್ನು ಈ ಕಡೆಯಿಂದ ಹತ್ತಿಸಿಕೊಂಡು ಆ ಕಡೆಯಿಂದ ಇಳಿಸಿತು. ಮಣ್ಣು ಕೊಡವಿಕೊಂಡು ಎದ್ದು ಮತ್ತೆ ಹತ್ತಿದ. ಈ ಸಲ ಮೊದಲು ಕೂತ, ಆಮೇಲೆ ಹೊರಳಿದ. ಜೋಲಿ ಒಪ್ಪಿಕೊಂಡಿತು.

ಅಬ್ಬಾ! ಬೆನ್ನಿಗೆ ಎಲ್ಲೂ ಏನೂ ಒತ್ತುವುದಿಲ್ಲ. ಇಷ್ಟು ವರ್ಷ ತಾನು ಹೊಲಿದ ಯಾವ ಬಟ್ಟೆಯೂ ಮೈಯನ್ನು ಹೀಗೆ ಹಿಡಿದಿರಲಿಲ್ಲ ಎಂಬ ವಿಚಾರ ಬಂತು. ಅದನ್ನು ಬೇಗ ಆಚೆಗೆ ಸರಿಸಿದ. ಮೇಲೆ ನೋಡಿದರೆ ತನ್ನದೇ ಹೊಲಿಗೆ, ನೇರವಾಗಿ, ಒಂದೂ ಟಾಕು ತಪ್ಪದೆ. ಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತಿದ್ದವು. ಜೋರಾಗಿ ತಿರುಗುತ್ತಿವೆಯಲ್ಲ ಎಂದುಕೊಂಡ. ಯಾಕೆ ಎಂದು ಕೇಳಿಕೊಳ್ಳುವಷ್ಟರಲ್ಲಿ ಮಳೆ ಬಂತು.

ಮಳೆ ಮೇಲಿನಿಂದ ಬರಲಿಲ್ಲ. ಪಡುವಣ ದಿಕ್ಕಿನಿಂದ ಬಂತು; ಗುಡ್ಡದ ಇಳಿಜಾರಿನಲ್ಲಿ ಮಲಗಿಕೊಂಡೇ ಬಂದಹಾಗೆ. ತಾಡಪತ್ರಿಗೆ ತಗಲಿದ ನೀರೆಲ್ಲ ಜಾರಿ ಹೋಯಿತು, ಬಟ್ಟೆ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಆದರೆ ಹೆಚ್ಚಿನ ಮಳೆ ಅದಕ್ಕೆ ತಗಲುವ ಗೋಜಿಗೇ ಹೋಗದೆ ಅದರ ಕೆಳಗಿನಿಂದ ಹಾದು ನೇರ ವಿಠೋಬನ ಪಕ್ಕೆಗೆ ಬಂತು. ತಲೆಯ ಕಡೆ ಜೋಲಿ ಹೊದಿಕೆಯಾಚೆ ಚಾಚಿಕೊಂಡಿತ್ತು, ಕಾಲಿನ ಕಡೆಯೂ ಚಾಚಿಕೊಂಡಿತ್ತು. ಅಲ್ಲಿ ಬಿದ್ದ ನೀರು ಬಟ್ಟೆಯ ಇಳಿಜಾರು ಹಿಡಿದು ಹರಿದು ಬಂದು ನಡುವೆ ಸೇರುತ್ತಿತ್ತು. ನಡುವೆ ಇದ್ದದ್ದು ವಿಠೋಬ. ಅವನ ಕೆಳಗೆ ಇದ್ದದ್ದು ಮಗಳ ಹಾಸಿಗೆ.

ಗಾಬರಿಯಿಂದ ಇಳಿದ. ಗಾಳಿ ಬರುವ ಕಡೆಗೆ ತಾಡಪತ್ರಿಯನ್ನು ತಗ್ಗಿಸಿದರೆ? ಒಂದು ಮೂಲೆಯ ಗಂಟು ಬಿಚ್ಚಿ ಕೆಳಕ್ಕೆಳೆದ. ಆ ಕಡೆ ಮುಚ್ಚಿತು, ಈ ಕಡೆ ತೆರೆಯಿತು. ಈ ಕಡೆಗೆ ಎಳೆದ, ಆ ಕಡೆ ಹೋಯಿತು. ಮೋಟು ಲುಂಗಿ ಉಟ್ಟವನು ಎಳೆದುಕೊಂಡಂತೆ ಎಳೆದೆಳೆದು ಸಾಕಾಗಿ, ಬಿಚ್ಚಿದ ಮೂಲೆಯನ್ನು ಹೇಗೋ ಕಟ್ಟಿದ. ಅವನಿಗೆ ಬರುವುದು ದಾರದ ಗಂಟು. ಹಗ್ಗದಲ್ಲಿ ಅದು ನಿಲ್ಲಲಿಲ್ಲ. ಮೂಲೆ ಜೋತುಬಿತ್ತು. ಮಳೆ ತನ್ನ ಕೆಲಸ ಮುಗಿಸಿ ಮುಂದಿನ ಊರಿಗೆ ಹೋಯಿತು.

ಎಚ್ಚರಾದ ಹುಲಗಪ್ಪ ಇಳಿದು ಬಂದು ಜೋಲಿ ನೋಡಿದ, ವಿಠೋಬನನ್ನು ನೋಡಿದ.

"ಮೀನ ಹಿಡ್ಯಾಕ ಹೋಗಿದ್ರೇನ್ರಿ ಪಿಸೆಯವರ?"

ವಿಠೋಬ ಟಂಟಂ ಒಳಗಿದ್ದ ರೊಟ್ಟಿಯ ಗಂಟನ್ನು ಎತ್ತಿಕೊಂಡ. ಹುಡುಗರು ಗುಡ್ಡ ಇಳಿದು ಬರುತ್ತಿದ್ದ ಸದ್ದು ಕೇಳಿಸಿತು.

ಮೇಡಂ ಒಂದು ಕಡೆಯಿಂದ ನೋಡುತ್ತ ಬಂದರು. ಮೌನೇಶ ಎಂಬ ಹುಡುಗನ ತಾಡಪತ್ರಿ ಗಂಟು ಜಾರಿ ಅರ್ಧ ಕಳಚಿಕೊಂಡಿತ್ತು. ಮೇಡಂ ಹಾಸಿಗೆ ಮುಟ್ಟಿ, "ಮುಂದಿನ ವರ್ಷ ಬಾರಪ್ಪ" ಎಂದರು. ಅಷ್ಟೆ. ಹುಡುಗ ತಲೆ ತಗ್ಗಿಸಿದ. ಆಮೇಲೆ ಫರ್ಜಾನಾ. ಅವಳು ಅಪ್ಪನ ಉಳ್ಳಾಗಡ್ಡಿ ರಾಶಿಯಿಂದ ಎತ್ತಿ ತಂದ ನೀಲಿ ತಾಡಪತ್ರಿ ಕಟ್ಟಿದ್ದಳು. ಒಳಗೆ ಗರಿಗರಿ ಒಣಗಿತ್ತು.

"ಇದನ್ನ ಹೊತ್ತು ಹತ್ತೂದು ಭಾರ ಆಗಂಗಿಲ್ಲೇನವಾ?"

"ಆಗ್ತೈತ್ರಿ ಮೇಡಂ. ಅದಕ್ಕ ಹಾಸಿಗಿ ಸಣ್ಣದು ತಂದೀನಿ."

ಮೇಡಂ ನಕ್ಕು ಮುಂದೆ ಬಂದರು. ಮುಕ್ತಾಳ ಜೋಲಿಗೆ ಕೈ ಹಾಕಿದರು, ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಜೋತುಬಿದ್ದ ಮೂಲೆಯನ್ನು ನೋಡಿದರು.

"ಇದನ್ನ ಕಟ್ಟಿದವರು ಯಾರು?"

ಮುಕ್ತಾ ಆ ಮೂಲೆಯನ್ನು ನೋಡಿದಳು. ತಾನು ಹಾಕಿದ ಗಂಟು ಅದಲ್ಲ ಎಂದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಆಮೇಲೆ ಅಪ್ಪನನ್ನು ನೋಡಿದಳು. ಮೀಸೆಯಿಂದ ನೀರು ತೊಟ್ಟಿಕ್ಕುತ್ತ, ರೊಟ್ಟಿಯ ಗಂಟನ್ನು ಎದೆಗೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಹುಲಗಪ್ಪ, ಎರಡೂ ಕಿವಿ ಅರಳಿಸಿಕೊಂಡು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆ ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪ ಹೊಲಿದದ್ದರಲ್ಲಿ ತಪ್ಪು ಬಂತು ಎಂಬ ಮಾತು ಊರಿನಲ್ಲಿ ಈವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

"ನಾನಾ ಕಟ್ಟಿದ್ದು ಮೇಡಂ" ಎಂದಳು. "ಗಂಟು ಸಡ್ಲ ಆಗಿರಬೇಕ್ರಿ."

ಮೇಡಂ ಉಸಿರು ಬಿಟ್ಟರು. ಮೌನೇಶನಿಗೆ ಹೇಳಿದ ಮಾತನ್ನೇ ಇನ್ನೊಮ್ಮೆ ಹೇಳಬೇಕಲ್ಲ ಎಂಬ ಬೇಸರ ಅವರ ಮುಖದಲ್ಲಿತ್ತು.

ವಿಠೋಬನಿಗೆ ಎಲ್ಲ ಕೇಳಿಸಿತು. ಈಗ ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಹೆಸರು ಒಣಗಿಯೇ ಇರುತ್ತಿತ್ತು. ಅವನು ಮಗಳಿಗೆ ಹೊಲಿದದ್ದಕ್ಕಿಂತ ದೊಡ್ಡ ಹೊದಿಕೆಯನ್ನು ಮಗಳು ಅವನಿಗೆ ಹೊದಿಸಿದ್ದಳು. ಹುಲಗಪ್ಪನೂ ಮೊಣಕೈಯಿಂದ ತಿವಿದು, "ಸುಮ್ನಿರ್ರಿ. ಗಂಟು ಯಾರದರ ಸಡ್ಲ ಆಗ್ತೈತಿ. ಹುಡುಗರ ತಪ್ಪು ಯಾರೂ ನೆನಪಿಡಂಗಿಲ್ಲ" ಎಂದು ಪಿಸುಗುಟ್ಟಿದ. ಸ್ನೇಹಿತನಾಗಿಯೇ ಹೇಳಿದ. ನಮ್ಮನ್ನು ಕೆಡಿಸುವ ಸಲಹೆಗಳು ಬಹುಮಟ್ಟಿಗೆ ಸ್ನೇಹಿತರಿಂದಲೇ ಬರುತ್ತವೆ, ಏಕೆಂದರೆ ಬೇರೆಯವರು ನಮಗೆ ಸಲಹೆ ಕೊಡುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ವಿಠೋಬ ಬಾಯಿ ತೆರೆದ. ತಪ್ಪು ತನ್ನದೆಂದು ಹೇಳಿ ಅವನಿಗೆ ರೂಢಿ ಇರಲಿಲ್ಲ.

"ಮೇಡಂ, ಅಕಿ ಕಟ್ಟಿದ್ದು ಬರೋಬ್ಬರಿ ಇತ್ರಿ. ಬಿಚ್ಚಿದಾಂವ ನಾನು."

"ನೀವ್ಯಾಕ ಬಿಚ್ಚಿದ್ರಿ?"

"ಬಟ್ಟಿ ಸಾಲಲಿಲ್ರಿ."

"ಎಲ್ಲಿ ಸಾಲಲಿಲ್ಲ?"

ವಿಠೋಬ ತಾಡಪತ್ರಿಯ ಕಡೆ ನೋಡಿದ. ಬಗೆಬಗೆಯ ಉತ್ತರಗಳು ನಾಲಗೆಯ ತುದಿಗೆ ಬಂದವು. ಈ ವರ್ಷ ಗಾಳಿ ಜಾಸ್ತಿ. ಮರಗಳ ನಡುವೆ ದೂರ ಜಾಸ್ತಿ. ಜೋಲಿ ಉದ್ದವಾಯಿತು. ಹುಡುಗಿ ಎತ್ತರವಾದಳು.

"ಎಲ್ಲಾ ಕಡೆ ಸಾಲಲಿಲ್ರಿ" ಎಂದ. "ಬಟ್ಟಿ ಉಳಸಾಕ ಹೋಗಿ ಗಿಡ್ಡ ಕತ್ತರಿಸೀನಿ. ಕಟ್ಟಿದ್ದು ತಪ್ಪಲ್ಲ, ಕತ್ತರಿಸಿದ್ದು ತಪ್ಪು."

ಹುಲಗಪ್ಪ ಅವನನ್ನು ಬಿಟ್ಟಗಣ್ಣಿಂದ ನೋಡಿದ. ಟಂಟಂ ಇಂಥ ಭಾರದ ಸುದ್ದಿಯನ್ನು ಎಂದೂ ಹೊತ್ತಿರಲಿಲ್ಲ.

ಮೇಡಂ ಮುಕ್ತಾಳ ಕಡೆ ತಿರುಗಿದರು. "ಆ ಮೂಲಿ ಮತ್ತ ಕಟ್ಟವಾ, ನೋಡೋಣು." ಮುಕ್ತಾ ಕಟ್ಟಿದಳು. ಮೇಡಂ ಹಗ್ಗಕ್ಕೆ ಜೋತುಬಿದ್ದು ಎಳೆದರು. ಮರ ಅಲ್ಲಾಡಿ ಎಲೆಯ ನೀರೆಲ್ಲ ಅವರ ತಲೆಯ ಮೇಲೆ ಸುರಿಯಿತು, ಗಂಟು ಮಾತ್ರ ಅಲ್ಲಾಡಲಿಲ್ಲ.

"ಬರೂ ವಾರ ಹೊರಡ್ತೀವಿ" ಎಂದರು ಮುಖ ಒರೆಸಿಕೊಳ್ಳುತ್ತ. "ಹಗುರ ಆಗಲಿ ಭಾರ ಆಗಲಿ, ಮುಚ್ಚೂವಂಥ ತಾಡಪತ್ರಿ ತಗೊಂಡು ಬಾ. ಮತ್ತ, ಇನ್ನೊಮ್ಮೆ ಇಂಥ ಸುಳ್ಳು ಹೇಳಿದ್ರ ಒಯ್ಯಂಗಿಲ್ಲ."

ಅಂದಿನಿಂದ ವಿಠೋಬನ ಅಂಗಡಿಗೆ ಜನ ಬರತೊಡಗಿದರು. ಗೇಲಿ ಮಾಡಲು ಬಂದಿರಬಹುದೆಂದು ಅವನು ಮೊದಲು ತಿಳಿದ. ಬಂದವರ ಕೈಯಲ್ಲಿ ಹಳೆಯ ಅಂಗಿಗಳಿದ್ದವು. "ಕಂಕುಳಾಗ ಸ್ವಲ್ಪ ಹಿಡೀತೈತ್ರಿ, ಬಾಳ ದಿನ ಆತು, ಹೇಳಾಕ ಧೈರ್ಯ ಇರಲಿಲ್ಲ" ಎಂದು ಒಬ್ಬೊಬ್ಬರೇ ಹೇಳಿದರು. ವಿಠೋಬ ಒಂದೊಂದನ್ನೇ ಬಿಚ್ಚಿ ಸಡಿಲಿಸಿದ. ಊರಿನ ಗಂಡಸರು ಕೈ ಎತ್ತಿ ಮಾತಾಡಲು ಶುರು ಮಾಡಿದ್ದರಿಂದ ಪಂಚಾಯಿತಿ ಸಭೆಗಳು ಸ್ವಲ್ಪ ಉದ್ದವಾದವು ಎನ್ನುತ್ತಾರೆ. ಅದು ಈ ಕಥೆಗೆ ಸೇರಿದ್ದಲ್ಲ.

ಈ ಕಥೆಗೆ ಸೇರಿದ್ದು ಇಷ್ಟು. ಮರುದಿನ ಮಧ್ಯಾಹ್ನ ಮಳೆ ಬಂದಾಗ ವಿಠೋಬ ಟೇಪು ಹಿಡಿದು ಅಂಗಡಿಯ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತ. ಮೇಲೆ ತಗಡಿನ ಚಾಚು ಇತ್ತು. ಆದರೂ ಕಟ್ಟೆಯ ಕಲ್ಲು ಅರ್ಧದ ತನಕ ನೆನೆದಿತ್ತು. ನೆನೆದ ಕಲ್ಲಿಗೂ ಒಣಗಿದ ಕಲ್ಲಿಗೂ ನಡುವೆ ಒಂದು ಗೆರೆ. ಮಳೆ ತಾನು ಎಲ್ಲಿಯ ತನಕ ಬರುತ್ತೇನೆಂದು ತಾನೇ ಗೆರೆ ಎಳೆದು ತೋರಿಸಿತ್ತು. ಇಷ್ಟು ವರ್ಷ ಅದೇ ಕಟ್ಟೆಯ ಮೇಲೆ ಕೂತಿದ್ದರೂ ಆ ಗೆರೆಯನ್ನು ಅವನು ನೋಡಿರಲಿಲ್ಲ. ಈಗ ಟೇಪಿನ ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು ಅಳೆದ.

"ಏನರೀ ಇದು?" ಎಂದಳು ರುಕ್ಮಾಬಾಯಿ.

"ಮಳಿ ಅಳತಿ."

"ಅದು ಏಳಂದ್ರ ಏಳಂಗಿಲ್ಲ, ಮಲಗಂದ್ರ ಮಲಗಂಗಿಲ್ಲ. ನಿಮಗ ತಕ್ಕ ಗಿರಾಕಿ ಸಿಕ್ತು ಬಿಡ್ರಿ."

ಆಮೇಲೆ ಮಗಳು ಮನೆಗೆ ತಂದಿದ್ದ ಜೋಲಿಯನ್ನು ಕಟ್ಟಿ ಗಂಟಿನಿಂದ ಗಂಟಿಗೆ ಅಳೆದ. ಎರಡೂ ತುದಿ ಮುಚ್ಚಿ ಇನ್ನೂ ಆಚೆ ಚಾಚುವಷ್ಟು ಉದ್ದ, ಎರಡೂ ಪಕ್ಕ ಜೋಲಿಗಿಂತ ಕೆಳಗಿಳಿದು ಗಾಳಿಗೆ ಬೆನ್ನು ಕೊಡುವಷ್ಟು ಅಗಲ. ಅಷ್ಟಕ್ಕೆ ಅದೇ ಪ್ಯಾರಾಚೂಟ್ ಬಟ್ಟೆಯನ್ನು ಹುಬ್ಬಳ್ಳಿಯಿಂದ ಮತ್ತೆ ತಂದ. ಮೊದಲು ಉಳಿಸಿದ ಬಟ್ಟೆ ಹೊಲಿಗೆ ಯಂತ್ರದ ಮೇಲೂ ಟಂಟಂ ಸೀಟಿನ ಮೇಲೂ ಇತ್ತು. ಅಲ್ಲಿ ಅದು ಯಾರನ್ನೂ ಮಳೆಯಿಂದ ಕಾಯುತ್ತಿರಲಿಲ್ಲ. ಬಸ್ಸಿನ ಟಿಕೆಟ್ಟೂ ಸೇರಿದರೆ ಉಳಿತಾಯ ಬಹಳ ದುಬಾರಿಯಾಯಿತು. ಆದರೂ ಅಂಗಡಿಯಲ್ಲಿ ಸಿಗುವ ಹಗುರದ ತಾಡಪತ್ರಿಗಿಂತ ಸೋವಿಯೇ.

ಮುಕ್ತಾ ಹೊಸದನ್ನು ಎತ್ತಿ ನೋಡಿದಳು. "ಅಪ್ಪಾ, ಮೊದಲಿಂದಕ್ಕಿಂತ ಭಾರ ಐತಿ."

"ಹೌದವಾ. ಮೊದಲಿಂದು ಯಾಕ ಹಗುರ ಇತ್ತಂದ್ರ, ಅದರಾಗ ಅರ್ಧಾ ತಾಡಪತ್ರಿ ಇರಲೇ ಇಲ್ಲ."

ಈ ಸಲ ಪತ್ತಾರನ ತಕ್ಕಡಿಗೆ ಯಾರೂ ಒಯ್ಯಲಿಲ್ಲ. ಮುಕ್ತಾ ಬೆನ್ನಿಗೆ ಚೀಲ ಹಾಕಿಕೊಂಡು ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಬಂದು, "ಹೊರಬಹುದು" ಎಂದಳು. ತೂಕ ಅಷ್ಟಕ್ಕೆ ತೀರ್ಮಾನವಾಯಿತು.

ತಂಡ ಗುಡ್ಡ ಹತ್ತಿತು. ವಿಠೋಬ ಕೆಳಗೆ ಅಂಗಡಿಯಲ್ಲಿ ಕೂತು ದಿನಾ ಗುಡ್ಡದ ತಲೆಯ ಮೇಲಿನ ಮೋಡ ನೋಡುತ್ತಿದ್ದ. ಒಂದು ದಿನ ಮೋಡ ಗುಡ್ಡವನ್ನು ಪೂರ್ತಿ ನುಂಗಿತು. ಗಾಳಿಯಂತ್ರಗಳೂ ಕಾಣಲಿಲ್ಲ. ಆ ದಿನ ಅವನು ಒಬ್ಬ ಗಿರಾಕಿಯ ಪ್ಯಾಂಟಿಗೆ ಒಂದೇ ಕಡೆ ಎರಡು ಜೇಬು ಹಚ್ಚಿದ.

ವಾರ ಕಳೆದು ಮುಕ್ತಾ ಮನೆಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಚೀಲದ ತುಂಬ ಪೇಪರಿನ ಮಡಿಕೆಯಲ್ಲಿಟ್ಟ ಎಲೆಗಳಿದ್ದವು. ವಿಠೋಬ ಚಹಾ ಆಗುವ ತನಕ ಹೇಗೋ ತಡೆದುಕೊಂಡ. ಎಲ್ಲಿ ಹನಿ ಬಿತ್ತು, ಯಾವ ಮೂಲೆ ಹಾರಿತು, ಎಷ್ಟು ಒಳಗೆ ಎರಚಲು ಬಂತು, ಎಲ್ಲ ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ಮಗಳು ಎಲೆಗಳ ಸುದ್ದಿ ಹೇಳುತ್ತಿದ್ದಳು. ಕಲ್ಲಿನ ಸಂದಿಯಲ್ಲಿ ಸಿಕ್ಕ ಒಂದು ಸಣ್ಣ ಗಿಡಕ್ಕೆ ಮೇಡಂಗೂ ಹೆಸರು ಗೊತ್ತಾಗಲಿಲ್ಲವಂತೆ, ಇಬ್ಬರೂ ಕೂಡಿ ಹುಡುಕಬೇಕಂತೆ. ನಡುವೆ ಒಂದು ಸಂದು ಸಿಕ್ಕಿತು.

"ಮತ್ತ, ಆ ದಿನ ದೊಡ್ಡ ಮಳಿ ಬಂತಲ್ಲವಾ? ಗುಡ್ಡನ ಕಾಣಲಿಲ್ಲ ನಮಗ. ಅವಾಗ ಹೆಂಗಾತು?"

ಮುಕ್ತಾ ನೆನಪು ಮಾಡಿಕೊಳ್ಳಲು ನೋಡಿದಳು.

"ಬಂದಿತ್ತಂತಪ್ಪಾ" ಎಂದಳು. "ಫರ್ಜಾನಾ ಹೇಳಿದ್ಲು. ನಾ ಮಲಗಿದ್ದೆ, ನನಗ ಗೊತ್ತಾಗಲಿಲ್ಲ."

ವಿಠೋಬ ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಕಾದ. ಅವಳು ಎಲೆಗಳ ಕಡೆ ತಿರುಗಿದ್ದಳು. ಅವನು ತಾಡಪತ್ರಿಯನ್ನು ಎತ್ತಿಕೊಂಡು ಹೊರಗೆ ಹೋಗಿ, ಬಿಸಿಲಿಗೆ ಹರವಿ, ಅಂಚುಗಳನ್ನು ಕೈಯಿಂದ ಸವರಿ ಸವರಿ ನೋಡಿದ. ಅದರ ಮೇಲೆ ಹೇಳುವಂಥ ಕಲೆ, ಹರಕು ಏನೂ ಇರಲಿಲ್ಲ.

ನೀತಿ: ನಮ್ಮವರ ತಲೆಯ ಮೇಲೆ ಹೊದಿಕೆ ಹಿಡಿಯುವವನು ಅವರ ಅಳತೆಯೊಂದನ್ನೇ ತೆಗೆದರೆ ಸಾಲದು, ಬರಲಿರುವ ಮಳೆಯ ಅಳತೆಯನ್ನೂ ತೆಗೆಯಬೇಕು, ಹಗುರವೂ ಸೋವಿಯೂ ಅದಾದ ಮೇಲಿನ ಮಾತು. ಅಳತೆ ತಪ್ಪಿದಾಗ, ಕಟ್ಟಿದವರ ಮೇಲೆ ಹಾಕದೆ ಕತ್ತರಿ ಹಿಡಿದವನೇ ಒಪ್ಪಿಕೊಳ್ಳಬೇಕು. ಹಾಗೆ ಮಾಡಿದರೆ ಹೊಗಳಿಕೆ ಸಿಗುತ್ತದೆ ಎಂದಲ್ಲ. ಒಳಗಿದ್ದವರಿಗೆ ನಿದ್ದೆ ಬರುತ್ತದೆ, ಅಷ್ಟೆ.